ತಡವೋ ವಿಳಂಬವೋ: ಒಂದು ನೋಟಿಸಿನ ವಾಕ್ಯದ ಸುತ್ತ

ಪ್ರಶ್ನೆ: ಶಿರಸಿ ತಾಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಸದಸ್ಯರಿಗೆ ಕಳಿಸುವ ನೋಟಿಸಿನಲ್ಲಿ ‘ಸಾಲದ ಕಂತು ತುಂಬಲು ತಡಮಾಡಿದ ಸದಸ್ಯರು’ ಎಂದು ಬರೆದಿದ್ದೆ. ತಡ ಎನ್ನುವುದು ಆಡುಮಾತು, ಕಾಗದಪತ್ರದಲ್ಲಿ ವಿಳಂಬ ಎಂದೇ ಇರಬೇಕು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ‘ಕಂತು ತುಂಬಲು ವಿಳಂಬವಾದ ಸದಸ್ಯರು’ ಎಂದು ತಿದ್ದಿದರು. ತಿದ್ದಿದ ವಾಕ್ಯ ನನಗೆ ಸರಿ ಕಾಣುತ್ತಿಲ್ಲ, ಆದರೆ ಏಕೆಂದು ಹೇಳಲು ಬರುತ್ತಿಲ್ಲ. ಮನೆಯಲ್ಲಿ ನಾವು ‘ಹೊತ್ತಾತು’ ಎನ್ನುತ್ತೇವೆ, ಪೇಟೆಯಲ್ಲಿ ‘ಲೇಟಾಯ್ತು’ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ತಿದ್ದಿದ ವಾಕ್ಯದಲ್ಲಿ ದೋಷವಿದೆ, ಆದರೆ ಅದು ‘ವಿಳಂಬ’ ಎಂಬ ಶಬ್ದದ ದೋಷವಲ್ಲ. ಅದರ ಬೆನ್ನಿಗೆ ಬಂದ ‘ಆಗು’ ಎಂಬ ಕ್ರಿಯಾಪದದ್ದು. ತಡವೋ ವಿಳಂಬವೋ ಎಂಬ ಚರ್ಚೆಯಲ್ಲಿ ನೀವಿಬ್ಬರೂ ತೊಡಗಿರುವಾಗ, ವಾಕ್ಯದ ಅರ್ಥವನ್ನು ನಿಜವಾಗಿ ಬದಲಿಸಿದ್ದು ‘ಮಾಡಿದ’ ಎಂಬುದು ‘ಆದ’ ಎಂದಾದದ್ದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕನ್ನಡದಲ್ಲಿ ತಡವಾಗುವುದು ಕೆಲಸ, ಘಟನೆ, ಬರವು. ಮದುವೆ ತಡವಾಗುತ್ತದೆ, ಮಳೆ ತಡವಾಗುತ್ತದೆ, ಸಂಬಳ ತಡವಾಗುತ್ತದೆ. ಮನುಷ್ಯನ ವಿಷಯಕ್ಕೆ ಬಂದಾಗ ಭಾಷೆ ಎರಡು ದಾರಿಗಳನ್ನು ಇಟ್ಟಿದೆ: ‘ನನಗೆ ತಡವಾಯಿತು’ ಎನ್ನುವುದು ಒಂದು, ‘ನಾನು ತಡಮಾಡಿದೆ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಹಸಿವಾದಂತೆ, ನೆಗಡಿಯಾದಂತೆ, ತಡವೂ ಅವನಿಗೆ ಆಗುತ್ತದೆ, ಅವನು ಅದನ್ನು ಅನುಭವಿಸುವವನು ಮಾತ್ರ. ಎರಡನೆಯದರಲ್ಲಿ ಅವನು ಪ್ರಥಮಾ ವಿಭಕ್ತಿಯಲ್ಲಿ, ಕರ್ತೃವಾಗಿ ನಿಲ್ಲುತ್ತಾನೆ, ತಡದ ಹೊಣೆ ಅವನ ಮೇಲೆ ಬೀಳುತ್ತದೆ. ‘ನಾನು ತಡವಾದೆ’ ಎಂಬ ಮೂರನೆಯ ದಾರಿ ಶಿಷ್ಟ ಬರವಣಿಗೆಯಲ್ಲಿ ಇಲ್ಲ. ‘ವಿಳಂಬ’ ಎಂಬ ಸಂಸ್ಕೃತ ಶಬ್ದ ಕನ್ನಡಕ್ಕೆ ಬಂದ ಮೇಲೆ ಇದೇ ಕಟ್ಟಿಗೆ ಒಳಪಟ್ಟಿದೆ: ‘ಸದಸ್ಯರಿಗೆ ವಿಳಂಬವಾಯಿತು’ ಎನ್ನಬಹುದು, ‘ಸದಸ್ಯರು ವಿಳಂಬ ಮಾಡಿದರು’ ಎನ್ನಬಹುದು, ‘ಸದಸ್ಯರು ವಿಳಂಬವಾದರು’ ಎನ್ನಲು ಬರುವುದಿಲ್ಲ.

ನಿಮ್ಮ ಸಹೋದ್ಯೋಗಿಯ ಪರವಾಗಿ ಒಂದು ವಾದವನ್ನು ಹೂಡಲು ಸಾಧ್ಯವಿದೆ, ಅದನ್ನು ನ್ಯಾಯವಾಗಿ ಇಲ್ಲಿ ಹೇಳಬೇಕು. ‘ಮಗುವಿಗೆ ಜ್ವರ ಬಂತು’ ಎಂಬುದನ್ನು ‘ಜ್ವರ ಬಂದ ಮಗು’ ಎಂದೂ, ‘ರೈತರಿಗೆ ನಷ್ಟವಾಯಿತು’ ಎಂಬುದನ್ನು ‘ನಷ್ಟವಾದ ರೈತರು’ ಎಂದೂ ಕನ್ನಡ ಸಹಜವಾಗಿ ತಿರುಗಿಸುತ್ತದೆ. ಹಾಗಿದ್ದ ಮೇಲೆ ‘ಸದಸ್ಯರಿಗೆ ವಿಳಂಬವಾಯಿತು’ ಎಂಬುದರಿಂದ ‘ವಿಳಂಬವಾದ ಸದಸ್ಯರು’ ಬರಬಾರದೇಕೆ ಎಂದು ಅವರು ಕೇಳಬಹುದು. ಬರಬಹುದು ಎಂದೇ ಒಪ್ಪೋಣ. ಆಗ ವ್ಯಾಕರಣ ಉಳಿಯುತ್ತದೆ, ಆದರೆ ನೋಟಿಸಿನ ಅರ್ಥ ಉಳಿಯುವುದಿಲ್ಲ. ಮಗುವಿಗೆ ಜ್ವರ ಬಂದುದಕ್ಕೆ ಮಗು ಹೊಣೆಯಲ್ಲ, ರೈತರಿಗೆ ನಷ್ಟವಾದುದಕ್ಕೆ ರೈತರು ಹೊಣೆಯಲ್ಲ. ವಿಳಂಬವೂ ಅದೇ ರೀತಿ ಸದಸ್ಯರ ಮೇಲೆ ಬಂದೆರಗಿದ್ದು ಎಂದು ಮೊದಲ ಸಾಲಿನಲ್ಲಿ ಒಪ್ಪಿಕೊಂಡ ಸಂಘ, ಇಂಥ ನೋಟಿಸುಗಳಲ್ಲಿ ಇರುವಂತೆ ಎರಡನೆಯ ಸಾಲಿನಲ್ಲಿ ಅವರಿಂದ ಹೆಚ್ಚಿನ ಬಡ್ಡಿ ಕೇಳುವುದು ಹೇಗೆ? ನಿಮ್ಮ ಕಿವಿಗೆ ಬಡಿದದ್ದು ಈ ಅಸಂಗತಿಯೇ ಎಂದು ನನಗೆ ತೋರುತ್ತದೆ.

ಈ ಆಗು ಮತ್ತು ಮಾಡುಗಳ ಭೇದವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ದಿನದ ಮಾತು ಬಹಳ ಎಚ್ಚರದಿಂದ ಕಾಯ್ದುಕೊಂಡಿದೆ. ದೇವಿಮನೆ ಘಟ್ಟದಲ್ಲಿ ಲಾರಿಯೊಂದು ಕೆಟ್ಟು ನಿಂತು, ಶಿರಸಿಯಿಂದ ಹೊರಟವರು ಕುಮಟೆಗೆ ಎರಡು ತಾಸು ಹೆಚ್ಚು ಹಿಡಿದು ಮುಟ್ಟಿದರೆ, ಅವರು ‘ತಡವಾಯಿತು’ ಎನ್ನುತ್ತಾರೆಯೇ ಹೊರತು ‘ತಡಮಾಡಿದೆವು’ ಎನ್ನುವುದಿಲ್ಲ. ಅದೇ ಜನ ಹೊರಡುವ ಮುಂಚೆ ಅಂಗಳದಲ್ಲಿ ಮಾತಾಡುತ್ತ ನಿಂತು ಬಸ್ಸು ತಪ್ಪಿಸಿಕೊಂಡರೆ, ಮನೆಯ ಹಿರಿಯರು ‘ನೀವೇ ತಡಮಾಡಿದ್ದು’ ಎನ್ನುತ್ತಾರೆ. ನಿಮ್ಮ ಮನೆಯ ಹವ್ಯಕ ಮಾತಿನಲ್ಲಿಯೂ ‘ಯಂಗೆ ಹೊತ್ತಾತು’ ಎನ್ನುವುದಕ್ಕೂ ‘ಹೊತ್ತು ಮಾಡಡ’ ಎನ್ನುವುದಕ್ಕೂ ಇರುವ ಅಂತರ ಇದೇ. ಕಾರವಾರದ ಕೊಂಕಣಿ ಮನೆಗಳಲ್ಲಿ ‘ಮಾಕಾ ಉಶೀರ ಜಾಲೊ’ ಎನ್ನುವಾಗಲೂ ‘ನನಗೆ’ ಎಂಬ ವಿಭಕ್ತಿಯೇ ಬರುತ್ತದೆ. ಬೇರೆ ಬೇರೆ ಕುಲದ ಭಾಷೆಗಳನ್ನಾಡುವ ನೆರೆಹೊರೆಯವರು ಈ ಒಂದು ವಿಷಯದಲ್ಲಿ ಒಂದೇ ರೀತಿ ಯೋಚಿಸುತ್ತಾರೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಇದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಎದುರಿನವರ ತಡವನ್ನು ಹೇಳುವಾಗ ‘ನಿಮಗೆ ತಡವಾಯಿತೇನೋ’ ಎನ್ನುವುದು ಸೌಜನ್ಯ, ‘ನೀವು ತಡಮಾಡಿದಿರಿ’ ಎನ್ನುವುದು ಆಕ್ಷೇಪ. ನಮ್ಮದೇ ತಡವನ್ನು ಹೇಳುವಾಗ ಮಾತ್ರ ಇದು ತಿರುಗುಮುರುಗಾಗಬೇಕು: ‘ತಮ್ಮ ಪತ್ರಕ್ಕೆ ಉತ್ತರಿಸಲು ತಡಮಾಡಿದ್ದಕ್ಕೆ ಕ್ಷಮಿಸಬೇಕು’ ಎಂದು ಬರೆದವರು ಹೊಣೆ ಹೊತ್ತಿದ್ದಾರೆ, ‘ಉತ್ತರಿಸುವಲ್ಲಿ ವಿಳಂಬವಾಗಿದ್ದಕ್ಕೆ ವಿಷಾದವಿದೆ’ ಎಂದು ಬರೆದವರು ಹೊತ್ತಿಲ್ಲ. ಕಚೇರಿಗಳ ಕಾಗದಗಳಲ್ಲಿ ಈ ಎರಡನೆಯ ವಾಕ್ಯವೇ ಹೆಚ್ಚಾಗಿ ಕಾಣುತ್ತದೆ. ತಪ್ಪು ಕಚೇರಿಯದೇ ಆಗಿದ್ದರೆ ಮೊದಲನೆಯ ವಾಕ್ಯವನ್ನೇ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ‘ತಡ ಎನ್ನುವುದು ಆಡುಮಾತು’ ಎಂಬ ಹೇಳಿಕೆ. ಇದನ್ನು ಒಪ್ಪಲು ಆಗದು. ತಡ ಎಂಬುದು ‘ತಡೆ’ ಎಂಬ ಧಾತುವಿನ ಬಳಗಕ್ಕೆ ಸೇರಿದ, ಹಳಗನ್ನಡದ ಕಾಲದಿಂದ ಬಂದ ಅಚ್ಚ ಕನ್ನಡ ಶಬ್ದ. ತಮಿಳಿನಲ್ಲಿ ಅಡ್ಡಿ ಎಂಬ ಅರ್ಥದ ‘ತಡೈ’, ತೆಲುಗಿನಲ್ಲಿ ತಡ ಎಂಬ ಅರ್ಥದ ‘ತಡವು’ ಇದರ ಒಡಹುಟ್ಟುಗಳು. (ಬೆನ್ನು ತಡವು, ಕತ್ತಲಲ್ಲಿ ತಡಕಾಡು ಎಂಬಲ್ಲಿನ ಶಬ್ದ ಬೇರೆ ಬಳಗದ್ದು, ಎರಡನ್ನೂ ಬೆರೆಸಬಾರದು.) ನ್ಯಾಯಾಲಯದ ‘ತಡೆಯಾಜ್ಞೆ’, ಖಜಾನೆಯ ‘ತಡೆಹಿಡಿದ ವೇತನ’, ಹೊಳೆಯ ಬದಿಯ ‘ತಡೆಗೋಡೆ’ ಇವೆಲ್ಲ ಈ ಬಳಗದವೇ, ಇವು ಯಾವುವೂ ಆಡುಮಾತಲ್ಲ. ಹಾಗೆಯೇ ನಮ್ಮ ಕಡೆ, ಘಟ್ಟದ ಮೇಲೂ ಕೆಳಗೂ, ಯಾರಾದರೂ ಕರೆದಾಗ ‘ತಡಿ, ಬಂದೆ’ ಎನ್ನುತ್ತಾರಲ್ಲ, ಆ ‘ತಡಿ’ಯೂ ಇದೇ ಧಾತು. ‘ಸ್ವಲ್ಪ ತಡೆದು ಬಾ’ ಎಂದರೆ ಸ್ವಲ್ಪ ಹೊತ್ತು ಬಿಟ್ಟು ಬಾ ಎಂದರ್ಥ. ಸಾಗುತ್ತಿದ್ದುದು ಏನೋ ಒಂದು ಕಾರಣದಿಂದ ನಿಂತಿತು ಎಂಬ ಭಾವ ತಡ ಎಂಬ ಶಬ್ದದ ಹೊಟ್ಟೆಯಲ್ಲಿಯೇ ಇದೆ. ಹಾಗಾಗಿ ತಡ ಎಂದ ಕೂಡಲೇ ಕೇಳುವವರಿಗೆ ‘ಯಾಕೆ?’ ಎಂದು ಕೇಳಬೇಕೆನಿಸುವುದು ಸಹಜ. ಮರ ಹತ್ತುವ ಕೊನೆಗೌಡರು ಸಿಗದೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವುದು ತಡವಾಯಿತು ಎಂದಾಗ, ಆ ‘ಸಿಗದೆ’ ಎಂಬ ಕಾರಣಪದವನ್ನು ತಡ ತಾನಾಗಿಯೇ ಬಳಿಗೆ ಕರೆದುಕೊಂಡಿರುತ್ತದೆ.

‘ವಿಳಂಬ’ದ ಹುಟ್ಟು ಬೇರೆ. ಸಂಸ್ಕೃತದ ‘ಲಂಬ್’ ಎಂಬ ಧಾತುವಿಗೆ ಜೋತುಬೀಳು, ಇಳಿಬೀಳು ಎಂದರ್ಥ. ಲಂಬ, ಅವಲಂಬನೆ, ಆಲಂಬನ ಎಲ್ಲವೂ ಅಲ್ಲಿಂದಲೇ ಬಂದವು. ಮೂಲದಲ್ಲಿ ಅದು ‘ವಿಲಂಬ’. ಕನ್ನಡಕ್ಕೆ ಬರುವಾಗ ಲಕಾರ ಳಕಾರವಾಯಿತು, ಮಂಗಲ ಮಂಗಳವಾದಂತೆ. ಹೀಗೆ ಸಂಸ್ಕೃತದ ಲಕಾರದ ಜಾಗದಲ್ಲಿ ಬರುವ ಳಕಾರವನ್ನು ಹಳೆಯ ವೈಯಾಕರಣರು ಕ್ಷಳ ಎಂದು ಹೆಸರಿಸಿದ್ದಾರೆ. ಹಿಂದೂಸ್ತಾನಿ ಗಾಯಕರು ಮಾತ್ರ ಇಂದಿಗೂ ಲಕಾರ ಉಳಿಸಿಕೊಂಡು ‘ವಿಲಂಬಿತ’ ಎನ್ನುತ್ತಾರೆ, ಮತ್ತು ಅಲ್ಲಿ ಆ ಶಬ್ದದಲ್ಲಿ ತಪ್ಪಿನ ಲೇಶವೂ ಇಲ್ಲ: ವಿಲಂಬಿತ ಲಯವೆಂದರೆ ಬೇಕೆಂದೇ ಎಳೆದು ಹಿಡಿದ, ರಾಗಕ್ಕೆ ಬಿಡುವು ಕೊಡುವ ನಡೆ. ಅರವತ್ತು ಸಂವತ್ಸರಗಳ ಪಟ್ಟಿಯಲ್ಲಿಯೂ ಇದರ ರೂಪವೊಂದು ಕೂತಿದೆ. 2018ರ ಯುಗಾದಿಗೆ ಆರಂಭವಾದ ವರ್ಷ ವಿಳಂಬಿ ಸಂವತ್ಸರ. ಅಂದರೆ ಶಬ್ದ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇಂದಿನ ಕನ್ನಡ ಗದ್ಯದಲ್ಲಿ ಅದು ಆಡಳಿತ, ಕಾನೂನು ಮತ್ತು ಪತ್ರಿಕೆಗಳ ಶಬ್ದವಾಗಿ ನೆಲೆಯೂರಿದೆ.

ಆ ನೆಲೆಯಲ್ಲಿ ಅದಕ್ಕೆ ನಿಜವಾದ ಉಪಯೋಗವಿದೆ. ಮೊದಲನೆಯ ಕಾರಣ ಸಮಾಸ. ವಿಳಂಬ ಶುಲ್ಕ, ವಿಳಂಬ ನೀತಿ, ವಿಳಂಬ ಮನ್ನಾ, ಅವಿಳಂಬ ಎಂದು ಸಂಸ್ಕೃತ ಶಬ್ದಗಳ ಜೊತೆ ಅದು ಸಲೀಸಾಗಿ ಕೂಡುತ್ತದೆ. ‘ತಡಶುಲ್ಕ’, ‘ತಡನೀತಿ’ ಎಂದರೆ ಕಿವಿ ಒಪ್ಪುವುದಿಲ್ಲ, ಕನ್ನಡ ಸಂಸ್ಕೃತಗಳನ್ನು ಹೀಗೆ ಹೊಲಿಯುವುದನ್ನು ವ್ಯಾಕರಣ ಪರಂಪರೆ ಅರಿಸಮಾಸವೆಂದು ದೂರ ಇಟ್ಟಿದೆ. ‘ತಡರಾತ್ರಿ’ ಎಂಬುದು ಇದೇ ಬಗೆಯ ಹೊಲಿಗೆಯಾಗಿದ್ದರೂ ಪತ್ರಿಕೆಗಳ ಮೂಲಕ ಬೇರೂರಿಬಿಟ್ಟಿದೆ. ನಾನು ಅದನ್ನು ಬರೆಯುವುದಿಲ್ಲ. ರಾತ್ರಿ ಯಾವ ಗಡುವನ್ನೂ ತಪ್ಪಿಸಿಲ್ಲ, ಅದಕ್ಕೆ ತಡವಾಗುವುದೆಂದರೇನು? ಅಪರಾತ್ರಿ, ನಡುರಾತ್ರಿ, ಸರಿರಾತ್ರಿ ಎಂಬ ಶಬ್ದಗಳು ನಮ್ಮಲ್ಲಿ ಇದ್ದೇ ಇವೆ.

ಎರಡನೆಯ ಕಾರಣ ಎಣಿಕೆ. ಕಾನೂನಿನಲ್ಲಿ ವಿಳಂಬವೆಂದರೆ ಗೊತ್ತಾದ ದಿನದಿಂದ ಎಣಿಸಿ ಹೇಳುವ ಕಾಲ. ಜನನ ಮತ್ತು ಮರಣ ನೋಂದಣಿಗೆ 1969ರ ಕಾಯ್ದೆಯಡಿ 21 ದಿನಗಳ ಅವಧಿ ಇದೆ. ಅದು ಕಳೆದು, ಜನನ ಅಥವಾ ಮರಣವಾದ 30 ದಿನಗಳೊಳಗೆ ಬಂದವರು ವಿಳಂಬ ಶುಲ್ಕ ತುಂಬಿ ನೋಂದಾಯಿಸಬಹುದು, ಅಲ್ಲಿಂದ ಮುಂದೆ ಮೇಲಿನ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ರಾಜ್ಯದ 2011ರ ಸಕಾಲ ಕಾಯ್ದೆಯಲ್ಲಿ ಅಧಿಕಾರಿಯ ಕಡೆಯ ವಿಳಂಬಕ್ಕೂ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ, ಅರ್ಜಿದಾರರಿಗೆ ಪರಿಹಾರವಿದೆ. ಮೇಲ್ಮನವಿಯ ಅವಧಿ ಮೀರಿದವರು 1963ರ ಕಾಲಮಿತಿ ಕಾಯ್ದೆಯ 5ನೆಯ ಕಲಮಿನಡಿ ಸಾಕಷ್ಟು ಕಾರಣ ತೋರಿಸಿ, ವಿಳಂಬವನ್ನು ಮನ್ನಿಸುವಂತೆ ಅರ್ಜಿ ಕೊಡುತ್ತಾರೆ. ಇಂಥ ಕಡೆ ವಿಳಂಬ ಎಂಬ ಶಬ್ದವೇ ಇರಲಿ. ಅದು ಒಂದು ಖಚಿತವಾದ ಪರಿಭಾಷೆ. ಆದರೆ ಕಲಮು, ಶುಲ್ಕ, ಅರ್ಜಿ ಇಲ್ಲದ ಸಾಮಾನ್ಯ ವಾಕ್ಯದಲ್ಲಿ ತಡವನ್ನು ತೆಗೆದು ವಿಳಂಬವನ್ನು ಕೂರಿಸುವುದರಿಂದ ವಾಕ್ಯದ ತೂಕವೇನೂ ಹೆಚ್ಚುವುದಿಲ್ಲ.

ಇವೆರಡರ ಜೊತೆಗೆ ‘ನಿಧಾನ’ವನ್ನು ಬೆರೆಸುವ ಒಂದು ಅಭ್ಯಾಸವಿದೆ, ಅದನ್ನು ಬಿಡಿಸಿ ಹೇಳಬೇಕು. ಕೊಂಕಣ ರೈಲ್ವೆಯ ಉದಾಹರಣೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯದಿಂದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಮೇಲೆ ಹಾಯುವ ರೈಲುಗಳ ವೇಗವನ್ನು ತಗ್ಗಿಸಲಾಗುತ್ತದೆ, ಅದಕ್ಕಾಗಿ ಪ್ರತ್ಯೇಕ ವೇಳಾಪಟ್ಟಿಯೇ ಜಾರಿಗೆ ಬರುತ್ತದೆ. ಆ ದಿನಗಳಲ್ಲಿ ರೈಲು ನಿಧಾನವಾಗಿ ಹೋಗುತ್ತದೆ, ಆದರೆ ಮಳೆಗಾಲದ ವೇಳಾಪಟ್ಟಿಯಲ್ಲಿ ಹೇಳಿದ ಹೊತ್ತಿಗೇ ಕುಮಟೆ ಮುಟ್ಟಿದರೆ ಅದು ತಡವಲ್ಲ. ಹಳಿಯ ಮೇಲೆ ಮಣ್ಣು ಕುಸಿದು ರೈಲು ನಡುವೆ ನಿಂತರೆ, ಆ ಬಳಿಕ ಎಷ್ಟೇ ವೇಗವಾಗಿ ಓಡಿದರೂ, ಅದು ತಡ. ನಿಧಾನ ನಡೆಗೆ ಸಂಬಂಧಿಸಿದ್ದು, ತಡ ಗೊತ್ತಾದ ಹೊತ್ತಿಗೆ ಸಂಬಂಧಿಸಿದ್ದು. ‘ನಮ್ಮ ಅರ್ಜಿಯ ಕೆಲಸ ನಿಧಾನವಾಗಿದೆ’ ಎಂದರೆ ಅದು ಸಾಗುತ್ತಿದೆ ಎಂಬ ಒಪ್ಪಿಗೆ ಇದೆ. ‘ತಡವಾಗಿದೆ’ ಎಂದರೆ ಗಡುವು ಮೀರಿದೆ. ‘ತಡೆಹಿಡಿಯಲಾಗಿದೆ’ ಎಂದರೆ ಯಾರೋ ಉದ್ದೇಶಪೂರ್ವಕವಾಗಿ ನಿಲ್ಲಿಸಿದ್ದಾರೆ. ವಚನಗಳ ಕಾಲದಲ್ಲಿ ‘ನಿಧಾನ’ ಎಂದರೆ ನೆಲದಲ್ಲಿ ಹೂತ ನಿಧಿ ಎಂಬ ಅರ್ಥವಿತ್ತು. ಆ ಅರ್ಥ ಈಗ ಮಾತಿನಿಂದ ಮರೆಯಾಗಿದೆ.

‘ಸಾವಕಾಶ’ವೂ ಇದೇ ಸಾಲಿನದು, ಆದರೆ ಇನ್ನೂ ಮೃದು. ಅವಕಾಶ ಸಹಿತವಾಗಿ, ಬಿಡುವು ಮಾಡಿಕೊಂಡು ಎಂದು ಅದರ ಅರ್ಥ. ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಯಜಮಾನರು ಎಲೆಗಳ ನಡುವೆ ನಡೆಯುತ್ತ ‘ಸಾವಕಾಶ ಊಟ ಮಾಡಿ’ ಎನ್ನುತ್ತಾರೆ. ಆ ಜಾಗದಲ್ಲಿ ‘ತಡವಾಗಿ ಊಟ ಮಾಡಿ’ ಎಂದರೆ ಅರ್ಥವೇ ಬೇರೆಯಾಗಿ, ಬಂದವರು ಎದ್ದು ಹೋಗಬೇಕಾದೀತು. ಸಾಲದ ನೋಟಿಸಿನಲ್ಲಿ ಈ ಶಬ್ದಕ್ಕೆ ಜಾಗವಿಲ್ಲ.

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ‘ಹೊತ್ತು’ ಹಳಗನ್ನಡದ ‘ಪೊೞ್ತು’ ಎಂಬ ರೂಪದಿಂದ ಬಂದದ್ದು. ತಮಿಳಿನ ‘ಪೊಳುದು’, ತುಳುವಿನ ‘ಪೊರ್ತು’ ಇದರ ಸೋದರರು. ಕಾಲ ಎಂಬ ಅರ್ಥದ ಜೊತೆಗೆ ಸೂರ್ಯ ಎಂಬ ಅರ್ಥವೂ ಇದಕ್ಕಿದೆ, ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಎನ್ನುವಾಗ ನಾವು ಸೂರ್ಯನನ್ನೇ ಹೇಳುತ್ತೇವೆ. ಗಡಿಯಾರ ಇಲ್ಲದ ಕಾಲದಲ್ಲಿ ತಡವಾಯಿತೆಂದು ತಿಳಿಯುತ್ತಿದ್ದುದು ಬಿಸಿಲು ಇಳಿದುದನ್ನು ನೋಡಿ. ‘ಹೊತ್ತಾಯಿತು’ ಎಂಬ ಮಾತಿನಲ್ಲಿ ಆ ನೋಟ ಉಳಿದುಕೊಂಡಿದೆ. ಇದು ಆಡುಮಾತಿನಲ್ಲಿ ಅತ್ಯಂತ ಸೊಗಸಾದ ಶಬ್ದ, ಮತ್ತು ಕತೆ, ಪ್ರಬಂಧ, ಖಾಸಗಿ ಪತ್ರಗಳಲ್ಲಿ ಯಾವ ಅಳುಕೂ ಇಲ್ಲದೆ ಬಳಸತಕ್ಕದ್ದು. ನೋಟಿಸಿಗೆ ಮಾತ್ರ ಅದು ಒದಗದು, ಏಕೆಂದರೆ ಅದಕ್ಕೆ ಎರಡು ಅರ್ಥಗಳಿವೆ. ‘ಊಟಕ್ಕೆ ಹೊತ್ತಾಯಿತು’ ಎಂದರೆ ಊಟದ ಸಮಯ ಬಂದಿದೆ ಎಂದೂ ಆಗಬಹುದು, ಆ ಸಮಯ ಮೀರುತ್ತಿದೆ ಎಂದೂ ಆಗಬಹುದು; ಎದುರಿಗಿರುವವರ ದನಿಯಿಂದ ಅದನ್ನು ತಿಳಿಯಬೇಕು. ‘ಬಂದು ಎರಡು ತಾಸು ಹೊತ್ತಾಯಿತು’ ಎಂದರೆ ಎರಡು ತಾಸು ಕಳೆಯಿತು ಎಂದಷ್ಟೇ ಅರ್ಥ, ‘ಎರಡು ತಾಸು ತಡವಾಯಿತು’ ಎಂದಲ್ಲ. ಎಷ್ಟು ತಡ ಎಂದು ಅಳೆದು ಹೇಳಬೇಕಾದಲ್ಲಿ ಹೊತ್ತು ಕೆಲಸಕ್ಕೆ ಬಾರದು. ಹುಬ್ಬಳ್ಳಿ, ಧಾರವಾಡದ ಕಡೆಯ ‘ವ್ಯಾಳ್ಯಾ ಆತು’ ಎಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

‘ಲೇಟು’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಮಾತಿನಲ್ಲಿ ಪೂರ್ತಿ ಕನ್ನಡವಾಗಿದೆ, ಆಗು, ಮಾಡುಗಳನ್ನೂ ಸೇರಿಸಿಕೊಂಡಿದೆ. ಒಂದು ವ್ಯತ್ಯಾಸ ಗಮನಿಸತಕ್ಕದ್ದು: ‘ಇವತ್ತು ನಾನೇ ಲೇಟು’, ‘ಅವನು ಲೇಟಾದ’ ಎಂದು ಜನ ಮನುಷ್ಯನಿಗೇ ಅದನ್ನು ಅಂಟಿಸುತ್ತಾರೆ, ಇದು ತಡ, ವಿಳಂಬಗಳಿಗೆ ಒಗ್ಗದ ಕಟ್ಟು. ನಿಮ್ಮ ಸಹೋದ್ಯೋಗಿಯ ‘ವಿಳಂಬವಾದ ಸದಸ್ಯರು’ ಎಂಬ ಪ್ರಯೋಗದ ಹಿಂದೆ ‘ಲೇಟಾದ ಸದಸ್ಯರು’ ಎಂಬ ದಿನದ ಮಾತು ಅಡಗಿರಬಹುದು ಎಂದು ನನ್ನ ಊಹೆ. ಕಟ್ಟನ್ನು ಹಾಗೆಯೇ ಇಟ್ಟು ಶಬ್ದವನ್ನು ಮಾತ್ರ ಬದಲಿಸಿದಾಗ ಇಂಥ ತೊಡಕು ಹುಟ್ಟುತ್ತದೆ.

ಕೊನೆಯದಾಗಿ ನೋಟಿಸು. ನಿಮ್ಮ ಮೂಲ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಪೂರ್ತಿ ಸರಿ. ‘ತುಂಬಲು’ ಎಂಬ ನಮ್ಮ ಕಡೆಯ ಶಬ್ದವನ್ನೂ ‘ಪಾವತಿಸಲು’ ಎಂದು ಬದಲಿಸಬೇಕಾಗಿಲ್ಲ, ಸದಸ್ಯರಿಗೆ ತಿಳಿಯುವುದು ಅದೇ. ಆದರೆ ‘ತಡಮಾಡಿದ’ ಎಂಬುದರಲ್ಲಿ ಆಕ್ಷೇಪದ ದನಿ ಇದೆ. ಮಳೆ ಹೆಚ್ಚಾಗಿ ಕೊಳೆ ತಗುಲಿ ಬೆಳೆ ಕೈಗೆ ಬಾರದ ವರ್ಷದಲ್ಲಿ ಆ ಶಬ್ದವನ್ನು ಓದುವ ಹಿರಿಯ ಸದಸ್ಯರೊಬ್ಬರಿಗೆ ನೋವಾದೀತು. ಹಾಗೆಂದು ಹೊಣೆಯನ್ನು ಮರೆಸುವ ‘ವಿಳಂಬವಾದ’ವೂ ಬೇಡ. ಸಹಕಾರಿ ವ್ಯವಹಾರದಲ್ಲಿಯೇ ಇದಕ್ಕೆ ಬಳಕೆಯ ಶಬ್ದಗಳಿವೆ: ವಾಯಿದೆ (ತುಂಬಬೇಕಾದ ಗಡುವು), ಕಟಬಾಕಿ (ಗಡುವು ಮೀರಿದ ಬಾಕಿ), ಸುಸ್ತಿ (ಬಾಕಿ ಉಳಿಸಿಕೊಳ್ಳುವುದು). ಸುಸ್ತಿ ಎಂಬುದು ಸಡಿಲತನ, ಆಲಸ್ಯ ಎಂಬರ್ಥದ ಪಾರಸಿ ಶಬ್ದದಿಂದ ಬಂದದ್ದು, ಆದ್ದರಿಂದ ‘ಸುಸ್ತಿದಾರ’ ಎಂಬುದು ತಡಮಾಡಿದವರು ಎನ್ನುವುದಕ್ಕಿಂತ ಬಹಳ ಕಠಿಣ. ಒಂದು ಕಂತು ನಾಲ್ಕು ದಿನ ಆಚೀಚೆ ಆದವರನ್ನು ಸುಸ್ತಿದಾರರ ಪಟ್ಟಿಯ ಶಬ್ದದಿಂದ ಕರೆಯಬಾರದು. ವಾಯಿದೆ ಎಂಬುದು ದಿನವನ್ನು ಮಾತ್ರ ಹೇಳುತ್ತದೆ, ಮನುಷ್ಯನ ಸ್ವಭಾವವನ್ನು ಹೇಳುವುದಿಲ್ಲ. ನಿಮ್ಮ ಕೆಲಸಕ್ಕೆ ಅದೇ ಒದಗುವ ಶಬ್ದ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ವಾಯಿದೆಯೊಳಗೆ ಸಾಲದ ಕಂತು ತುಂಬದಿರುವ ಸದಸ್ಯರು ಈ ತಿಂಗಳ ಕೊನೆಯೊಳಗೆ ತುಂಬಬೇಕಾಗಿ ವಿನಂತಿ. ಆ ಬಳಿಕ ತುಂಬುವ ಕಂತಿಗೆ ಸಂಘದ ನಿಯಮದಂತೆ ಹೆಚ್ಚುವರಿ ಬಡ್ಡಿ ಅನ್ವಯಿಸುತ್ತದೆ. ಬೆಳೆಹಾನಿ ಅಥವಾ ಅನಾರೋಗ್ಯದ ಕಾರಣದಿಂದ ಕಂತು ತುಂಬಲು ತಡವಾಗಿದ್ದಲ್ಲಿ, ಕಾರಣವನ್ನು ಬರೆದು ಕಚೇರಿಗೆ ತಿಳಿಸಬೇಕು.’

ಮೊದಲ ವಾಕ್ಯದಲ್ಲಿ ಯಾರು ತುಂಬಬೇಕೆಂಬುದು ಸ್ಪಷ್ಟವಿದೆ. ‘ತಡವಾಗಿದ್ದಲ್ಲಿ’ ಎಂಬ ಆಗುವಿನ ರೂಪ, ಅದು ನಿಜವಾಗಿ ಸಲ್ಲುವವರಿಗೆ, ಮೂರನೆಯ ವಾಕ್ಯದಲ್ಲಿ ಬಂದಿದೆ. ಇದನ್ನು ನಿಮ್ಮ ಹಿರಿಯ ಸಹೋದ್ಯೋಗಿಗೆ ತೋರಿಸಿ. ಹೆಚ್ಚುವರಿ ಬಡ್ಡಿಯ ಬದಲು ನಿಮ್ಮ ಸಂಘ ಬೇರೊಂದು ಶುಲ್ಕ ವಿಧಿಸುವುದಿದ್ದರೆ, ಅಲ್ಲಿ ಅವರು ಬಯಸಿದ ವಿಳಂಬವನ್ನು ‘ವಿಳಂಬ ಶುಲ್ಕ’ ಎಂದು ಧಾರಾಳವಾಗಿ ಬರೆಯಬಹುದು. ‘ತಡಮಾಡು’, ‘ತಡವಾಗು’ ಎಂಬವನ್ನು ಬಿಡಿಸದೆ ಒಂದೇ ಪದವಾಗಿ ಬರೆಯುವುದು ರೂಢಿ. ‘ವಿಳಂಬ ಮಾಡು’ ಎಂಬುದನ್ನು ಬಿಡಿಸಿ ಬರೆದರೂ ನಡೆಯುತ್ತದೆ.